ಬದನೆ ಹೂವಿನ ಕಪ್ಪು ದುಂಬಿ

ನನ್ನ ಗಂಡ ಹಂಗಾರಕಟ್ಟೆಯಲ್ಲಿ ಮರದ ದೋಣಿ ರಿಪೇರಿ ಮಾಡುವವರು. ಮರ ಕೊರೆಯುವ ಯಾವ ಹುಳವನ್ನು ಕಂಡರೂ ಅವರಿಗೆ ಆಗದು. ಹೋದ ವರ್ಷ ಮಳೆಗಾಲ ಮುಗಿದದ್ದೇ, ನಮ್ಮದೇ ಮನೆಯ ಜಗಲಿಯ ಸೂರು ಹೊತ್ತ ಮರದ ಪಕಾಸಿಗೆ ಹೆಬ್ಬೆರಳು ದಪ್ಪದ ಕಪ್ಪು ದುಂಬಿಗಳು ತೂತು ಹಾಕತೊಡಗಿದವು. ಬೆಳಿಗ್ಗೆ ಇವರು ಕುಡಿಯುತ್ತಿದ್ದ ಚಾ ಲೋಟಕ್ಕೇ ಮೇಲಿನಿಂದ ಮರದ ಪುಡಿ ಉದುರಿತು. ಚಾ ಅಂಗಳಕ್ಕೆ ಚೆಲ್ಲಿ, ಸೀಮೆಎಣ್ಣೆ ಬಾಟಲಿಯನ್ನೂ ಏಣಿಯನ್ನೂ ತಂದರು.

ನಾನು ಏಣಿಗೆ ಅಡ್ಡ ನಿಂತೆ.

“ಹ್ವಾಯ್, ಅದ್ರ ಸುದ್ದಿಗ್ ಹೋಪುದ್ ಬೇಡ. ನಮ್ಮ ಬದ್ನಿಕಾಯ್ ಆಪುದೇ ಅದ್ರಿಂದ.”

“ಮರ್ಲಾ ನಿಂಗೆ? ನಾಳಿಕ್ ಮಾಡ್ ಜರ್ದ್ರೆ ಬದ್ನಿಕಾಯ್ ಕೊಟ್ ನಿಲ್ಸ್ತ್ಯಾ?” ಮಾಡು, ಅಂದರೆ ಸೂರು, ಕುಸಿದೀತೆಂಬ ಚಿಂತೆ ಅವರದು.

ನಾನು ಸುಮ್ಮನೆ ಹೇಳಿದ ಮಾತಲ್ಲ ಅದು. ದೇವರಿಗೆ ಹೂ ಕೊಯ್ಯಲು ದಿನಾ ಹಿತ್ತಲಿಗೆ ಹೋಗುವವಳು ನಾನು. ದಾಸವಾಳಕ್ಕೆ ಯಾರು ಬರುತ್ತಾರೆ, ಶಂಖಪುಷ್ಪಕ್ಕೆ ಯಾರು ಬರುತ್ತಾರೆ ಎಂದು ನನಗೆ ಗೊತ್ತು. ಬದನೆ ಹೂವಿನಲ್ಲಿ ಜೇನಿಲ್ಲ. ತುಡುವೆ ಜೇನುನೊಣ ಬಂದರೂ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಆದರೆ ಕಪ್ಪು ದುಂಬಿ ಬಂದು ಹೂವನ್ನು ತಬ್ಬಿ ಹಿಡಿಯುತ್ತದೆ. ಅದರ ಭಾರಕ್ಕೆ ಹೂ ಬಾಗುತ್ತದೆ. ಆಮೇಲೆ ಅದು ರೆಕ್ಕೆ ಮಡಚಿಕೊಂಡೇ ಮೈ ನಡುಗಿಸಿ ಗುಂಯ್ ಎನ್ನುತ್ತದೆ, ಹಾರುವಾಗಿನ ಸದ್ದೇ ಬೇರೆ, ಇದೇ ಬೇರೆ. ಆ ನಡುಕಕ್ಕೆ ಹೂವಿನೊಳಗಿನ ಹಳದಿ ಪುಡಿ ಅದರ ಹೊಟ್ಟೆಯ ಮೇಲೆ ಸುರಿಯುತ್ತದೆ. ಅದನ್ನು ಹೊತ್ತುಕೊಂಡೇ ಮುಂದಿನ ಹೂವಿಗೆ ಹೋಗುತ್ತದೆ.

ಇಷ್ಟು ಹೇಳಿದರೂ ಇವರು ನಂಬಲಿಲ್ಲ. “ಹಾಂಗಾರೆ ತೋರ್ಸ್” ಎಂದರು.

ತೋರಿಸಿದೆ. ಸಾಲಿನಲ್ಲಿದ್ದ ಒಂದು ಗಿಡಕ್ಕೆ, ಹೂ ಅರಳುವ ಮೊದಲೇ ಹಳೇ ಸೊಳ್ಳೆಪರದೆ ಹೊದಿಸಿ ಬುಡದಲ್ಲಿ ಕಟ್ಟಿದೆ. ಉಳಿದವನ್ನು ಹಾಗೇ ಬಿಟ್ಟೆ. ನೀರು, ಗೊಬ್ಬರ ಎಲ್ಲಕ್ಕೂ ಒಂದೇ. ಕಾಯಿ ಕಚ್ಚುವವರೆಗೆ ಸೀಮೆಎಣ್ಣೆ ಮುಟ್ಟಬಾರದು ಎಂದು ಮಾತಾಯಿತು. ಅಷ್ಟು ದಿನ ಇವರು ಲೋಟಕ್ಕೆ ತಟ್ಟೆ ಮುಚ್ಚಿಕೊಂಡು ಚಾ ಕುಡಿದರು.

ಪರದೆಯೊಳಗಿನ ಹೂಗಳು ಚೆನ್ನಾಗಿಯೇ ಅರಳಿದವು, ಹೆಚ್ಚಿನವು ಬಾಡಿ ಉದುರಿದವು. ಕಾಯಿಯಾಗಿ ನಿಂತದ್ದು ಒಂದೆರಡು, ಅವೂ ಸೊಟ್ಟ. ಹೊರಗಿನ ಗಿಡಗಳಲ್ಲಿ ಕಾಯಿಯ ಭಾರಕ್ಕೆ ಕೊಂಬೆ ನೆಲ ಮುಟ್ಟುತ್ತಿತ್ತು. ಇವರು ಪರದೆ ಬಿಚ್ಚಿ ಕೊಂಬೆಗಳನ್ನು ಎತ್ತೆತ್ತಿ ನೋಡಿದರು. ಅಷ್ಟರಲ್ಲಿ ಒಂದು ದುಂಬಿ ಬಂದು ಪಕ್ಕದ ಹೂವಿಗೆ ಜೋತುಬಿದ್ದು ಗುಂಯ್ ಎಂದಿತು. ಇವರು ಕುಕ್ಕರಗಾಲಿನಲ್ಲಿ ಕೂತು ಅದು ಹಾರಿಹೋಗುವವರೆಗೂ ನೋಡಿದರು.

“ಅಡ್ಡಿಲ್ಲ, ಕೆಲ್ಸ ಗೊತ್ತಿತ್ತ್ ಇದ್ಕೆ” ಎಂದರು. ಅವರ ಬಾಯಲ್ಲಿ ಅದು ದೊಡ್ಡ ಹೊಗಳಿಕೆ.

ಮರುದಿನ ಕೆಲಸದಿಂದ ಬರುವಾಗ ಒಣಗಿದ ಮಾವಿನ ಕೊರಡೊಂದನ್ನು ತಂದರು. ದುಂಬಿಗೆ ಸುಲಭವಾಗಲಿ ಎಂದು ತಾವೇ ಡ್ರಿಲ್ ಹಿಡಿದು ಅದಕ್ಕೆ ನಾಲ್ಕಾರು ತೂತು ಹಾಕಿ, ಮಳೆ ಬೀಳದಂತೆ ಬಚ್ಚಲ ಮಾಡಿನಡಿ ತೂಗುಹಾಕಿದರು. ಪಕಾಸಿಯಲ್ಲಿ ಇದ್ದವನ್ನು ಇರಲು ಬಿಟ್ಟರು. ಅವು ಹೊರಬಿದ್ದ ಮೇಲೆ ತೂತು ಮುಚ್ಚಿ, ದೋಣಿಗೆ ಬಳಿಯುವ ಗೇರೆಣ್ಣೆಯನ್ನೇ ಬಳಿದರು. ಈ ವರ್ಷ ಕೊರಡಿನ ಸುತ್ತ ದುಂಬಿಗಳ ಓಡಾಟ. ಒಂದೆರಡು ಹಟಮಾರಿಗಳು ಇನ್ನೂ ಜಗಲಿಯ ಕಡೆ ಬರುತ್ತವೆ, ಬರಲಿ.

ಮೊನ್ನೆ ಬೀಜಾಡಿಯ ನನ್ನ ತಂಗಿ ಬದನೆ ಸಸಿ ಕೇಳಿದಳು. ಕೊಡಲು ಹೊರಟಾಗ ಸಸಿ ನಾನು ಹಿಡಿದುಕೊಂಡೆ. ಸ್ಕೂಟರಿನ ಮುಂದೆ ಇವರು ಇನ್ನೊಂದು ಕೊರಡನ್ನೂ ಇಟ್ಟುಕೊಂಡರು. ಅಲ್ಲಿ ತಂಗಿ “ಇದೆಂತಕೆ ಭಾವ?” ಎಂದದ್ದೇ ಸಾಕು, ಇವರು ದುಂಬಿಯ ಪುರಾಣ ಶುರುಮಾಡಿದರು. ಎಲ್ಲಾ ತಾವೇ ಕಂಡುಹಿಡಿದ ಹಾಗೆ! ನಾನು ನಗುತ್ತ ಸಸಿ ನೆಡಲು ಹೋದೆ.