ಕಂಬಳಿ ಉಜ್ಜಿದ ಮಧ್ಯಾಹ್ನ

ಹಲ್ಲು ಕೀಳಿಸಿಕೊಂಡದ್ದು ಶಿವಮೊಗ್ಗದಲ್ಲಿ, ಸಾಯಲು ಹೊರಟಿದ್ದು ಭದ್ರಾವತಿಯಲ್ಲಿ. ನಡುವೆ ಯಾರು ಎಲ್ಲಿ ತಪ್ಪು ಮಾಡಿದರು ಎಂದು ಇವತ್ತಿಗೂ ಹುಡುಕುತ್ತಿದ್ದೇನೆ.

ಹಲ್ಲಿನ ಡಾಕ್ಟರು "ಯಾವ್ದಾದ್ರೂ ಮಾತ್ರೆ ಅಲರ್ಜಿ ಇದೆಯಾ ಮೇಡಂ?" ಎಂದು ಒತ್ತಿ ಒತ್ತಿ ಕೇಳಿದ್ದರು. ಇಲ್ಲ ಎಂದೆ. ಅದು ನಿಜವೇ ಆಗಿತ್ತು. ಕೀವಾಗದಿರಲೆಂದು ಅವರು ಬರೆದುಕೊಟ್ಟ ಮಾತ್ರೆಯನ್ನು ಹಿಂದೆ ಕೆಮ್ಮಿಗೆ, ಕಿವಿನೋವಿಗೆ ಎಷ್ಟೋ ಸಲ ನುಂಗಿ ಅರಗಿಸಿಕೊಂಡವಳು ನಾನು. ಗಂಡ ಊರಲ್ಲಿರಲಿಲ್ಲ. ರಾಗಿಗುಡ್ಡದ ಮನೆಯಲ್ಲಿ ಒಬ್ಬಳೇ ಕೆನ್ನೆ ಹಿಡಿದು ಕೂರುವ ಬದಲು ಬಸ್ಸು ಹತ್ತಿ ಭದ್ರಾವತಿಯ ಕಾಗದನಗರಕ್ಕೆ, ಅಮ್ಮನ ಹತ್ತಿರ ಹೋದೆ.

ಅಮ್ಮ ಗಂಜಿ ಮಾಡಿ ಆರಿಸಿಟ್ಟಿದ್ದಳು. "ಅಂತೂ ಇವತ್ತಾದ್ರೂ ನಿನ್ ಬಾಯಿಗೆ ಬೀಗ ಬಿತ್ತಲ್ಲ" ಎಂದು ನಕ್ಕಳು. ನಾನು ಹುಟ್ಟಾ ಬಾಯಿಬಡುಕಿ. 'ಸ್ವಲ್ಪ ಬಾಯಿ ಮುಚ್ಚೇ' ಎನ್ನುವುದು ಅವಳ ಜೀವಮಾನದ ಮಂತ್ರ. ಮಾತ್ರೆಯನ್ನು ಊಟವಾದ ಮೇಲೆ ನುಂಗಬೇಕೆಂದಿದ್ದರು ಡಾಕ್ಟರು, ಊಟವಾದ ಮೇಲೆಯೇ ನುಂಗಿದೆ.

ಮೊದಲು ಅಂಗೈ ತುರಿಸಿತು. ಆಮೇಲೆ ಹೊಟ್ಟೆ, ಬೆನ್ನು ತುಂಬ ಕೆಂಪು ದದ್ದು. ಅಮ್ಮ ನೋಡಿ, "ಪಿತ್ತದ ಗಂಧೆ ಕಣೇ. ಖಾಲಿ ಹೊಟ್ಟೇಲಿ ಬಸ್ಸಲ್ಲಿ ಬಂದಿದೀಯ. ಇರು, ಕಂಬ್ಳಿ ತರ್ತೀನಿ" ಎಂದಳು. ಗಂಧೆ ಎದ್ದರೆ ನಮ್ಮ ಮನೆಯಲ್ಲಿ ಡಾಕ್ಟರಿಲ್ಲ, ಮಾತ್ರೆಯಿಲ್ಲ. ಒರಟು ಕರಿ ಕಂಬಳಿಯಿಂದ ಮೈ ಉಜ್ಜಿ, ಅದನ್ನೇ ಹೊದಿಸಿ ಮಲಗಿಸುವುದು. ಅಪ್ಪ ಪೇಪರ್ ಮಿಲ್ಲಿನ ನೈಟ್ ಶಿಫ್ಟಿಗೆ ಹೊದ್ದು ಹೋಗುತ್ತಿದ್ದ ಕಂಬಳಿ ಅದಕ್ಕೆಂದೇ ಟ್ರಂಕಿನಲ್ಲಿತ್ತು. ಚಿಕ್ಕವಳಿದ್ದಾಗ ಪ್ರತಿ ಸಲವೂ ಅದರಿಂದಲೇ ಇಳಿದಿತ್ತು. ನಾನೂ ಬೆನ್ನು ಕೊಟ್ಟು ಮಲಗಿದೆ.

ಉಜ್ಜುತ್ತಿದ್ದಂತೆ ಗಂಟಲು ಬಿಗಿಯಿತು. 'ಅಮ್ಮ' ಎಂದರೆ ಧ್ವನಿ ಕೊಡದೊಳಗಿಂದ ಬಂದ ಹಾಗೆ ಬಂತು. ತುಟಿ ದಪ್ಪವಾಗುತ್ತಿತ್ತು, ಆದರೆ ಹಲ್ಲು ಕಿತ್ತ ಬಾಯಿ ಹೀಗೇ ಇರಬಹುದು ಅಂದುಕೊಂಡೆ. ಬೇಡ ಎಂದು ಅವಳ ಕೈ ತಳ್ಳಿದೆ. "ನಿನ್ ಸಿಟ್ಟೆಲ್ಲ ಆಮೇಲೆ, ಸುಮ್ನೆ ಮಲ್ಕೋ" ಎಂದು ಇನ್ನೂ ಜೋರಾಗಿ ಉಜ್ಜಿದಳು. ನಾನು ಕಕ್ಕಿ, ಕುಸಿದಾಗಲೇ ಅವಳು ನನ್ನ ಮುಖ ನೋಡಿದ್ದು.

ಪಕ್ಕದ ಕ್ವಾರ್ಟರ್ಸಿನವರ ಆಟೋದಲ್ಲಿ ಆಸ್ಪತ್ರೆಗೆ ಒಯ್ದರು. ತೊಡೆಗೆ ಇಂಜೆಕ್ಷನ್ ಕೊಟ್ಟರು, ಆಕ್ಸಿಜನ್ ಹಾಕಿದರು. ಉಸಿರು ವಾಪಸ್ ಬಂತು. ಕಣ್ಣು ಬಿಟ್ಟರೆ ಅಮ್ಮ ಹೆಗಲ ಮೇಲೆ ಅದೇ ಕಂಬಳಿ ಹಾಕಿಕೊಂಡು ನಿಂತಿದ್ದಳು.

"ಬೀಸೋ ದೊಣ್ಣೆ ತಪ್ತು ಕಣಮ್ಮ, ಇನ್ನು ಸಾವಿರ ವರ್ಷ ಆಯಸ್ಸು" ಎಂದರು ಆಟೋದವರು. ಸರಿ, ದೊಣ್ಣೆ ಬೀಸಿದವರು ಯಾರು? ಬದುಕಿದ ತಕ್ಷಣ ನನಗೆ ಬಂದದ್ದು ಕೋಪ, ಅದನ್ನು ಯಾರ ಮೇಲೆ ಹಾಕಬೇಕೆಂದೇ ತಿಳಿಯಲಿಲ್ಲ. ಆಸ್ಪತ್ರೆಯ ಡಾಕ್ಟರಮ್ಮನನ್ನು ಕೇಳಿದರೆ, "ಅವ್ರು ಕೊಟ್ಟಿದ್ದೂ ಸರಿ, ನೀವು ತಗೊಂಡಿದ್ದೂ ಸರಿ. ನಿಮ್ಮ ಮೈ ಈ ಸಲ ಒಪ್ಪಲಿಲ್ಲ. ಇನ್ ಮುಂದೆ ಆ ಜಾತಿ ಮಾತ್ರೆ ಮುಟ್ಬೇಡಿ" ಎಂದರು. ಹಿಂದೆಲ್ಲ ಒಪ್ಪಿದ್ದು ಈಗ್ಯಾಕೆ ಒಪ್ಪಲಿಲ್ಲ? "ಹಾಗೂ ಆಗುತ್ತೆ." ಇದೆಂಥ ಉತ್ತರ? ಎಲ್ಲರೂ ಸರಿಯಾಗಿದ್ದೂ ನಾನು ಸಾಯುವುದಾದರೆ ಜಗಳ ಯಾರ ಹತ್ತಿರ ಆಡಲಿ? ಹಲ್ಲಿನ ಡಾಕ್ಟರಿಗೆ ಫೋನ್ ಮಾಡಿ ಜಾಡಿಸಬೇಕೆಂದಿದ್ದೆ. ವಿಷಯ ಕೇಳಿದವರೇ ಅವರು "ಈಗ ಉಸಿರಾಟ ಹೇಗಿದೆ ಮೇಡಂ?" ಅಂದರು. ಈಗ ಪರವಾಗಿಲ್ಲ ಎಂದು ಹೇಳಿ ಫೋನ್ ಇಟ್ಟೆ.

ಅಮ್ಮ ಒಂದೇ ಪ್ರಶ್ನೆ ಕೇಳಿದಳು. "ನಾನು ಉಜ್ಜಿದ್ದಕ್ಕೆ ಜಾಸ್ತಿ ಆಯ್ತಾ ಡಾಕ್ಟ್ರೇ?"

"ಅದಕ್ಕಲ್ಲಮ್ಮ. ಬೇಗ ಕರ್ಕೊಂಡು ಬರ್ಬೇಕಿತ್ತು, ಅಷ್ಟೆ."

ಮನೆ ಮುಟ್ಟಿದ್ದೇ ಅಮ್ಮ ಕಂಬಳಿಯನ್ನು ಮಡಚಿ ಟ್ರಂಕಿನ ತಳಕ್ಕೆ ಹಾಕಿದಳು.

ಮೊನ್ನೆ ಶಂಕರಘಟ್ಟದಲ್ಲಿ ನನ್ನ ಆಫೀಸು ಮುಗಿಸಿ ಅವಳ ಮನೆಗೆ ಹೋದಾಗ ತೋಳಿನ ಮೇಲೆ ಒಂದೆರಡು ಗಂಧೆ ಎದ್ದಿದ್ದವು. ಮಾತ್ರೆ ಏನೂ ನುಂಗಿರಲಿಲ್ಲ, ಸೊಳ್ಳೆಯೋ ಬೆವರೋ. ನಾನು ಕೆರೆದುಕೊಳ್ಳುವುದನ್ನು ಕಂಡ ಅಮ್ಮ ಎದ್ದು ಟ್ರಂಕಿನ ಕಡೆ ಹೋದವಳು ನಡುವೆಯೇ ನಿಂತುಬಿಟ್ಟಳು. "ಏನ್ ಮಾಡ್ಲೇ ಈಗ?" ಎಂದಳು. ಅಮ್ಮ ನನ್ನನ್ನು ಹಾಗೆ ಕೇಳಿದ್ದು ಅದೇ ಮೊದಲು. ನನಗೂ ಗೊತ್ತಿರಲಿಲ್ಲ. ಹೆದರಿಕೆಯಾಯಿತು. ನೀರು ಕುಡಿದು ನೋಡಿದೆ, ಗಂಟಲಲ್ಲಿ ಇಳಿಯಿತು. "ಏನೂ ಇಲ್ಲ ಬಿಡು" ಎಂದೆ.

ಅಮ್ಮ ಬಿಡಲಿಲ್ಲ. ಪಕ್ಕದವರಿಗೆ ಆಟೋ ತೆಗೆದಿಟ್ಟಿರಿ ಎಂದು ಕೂಗಿ ಹೇಳಿ, ನನ್ನ ಎದುರು ಬಂದು ಕೂತಳು. ನನ್ನ ತುಟಿಯನ್ನೇ ನೋಡುತ್ತ, "ಮಾತಾಡ್ತಾ ಇರು ಮಾರಾಯ್ತಿ" ಎಂದಳು.

"ಏನ್ ಮಾತಾಡ್ಲಿ?"

"ಏನಾದ್ರೂ ಆಡು. ನಿನ್ ಧ್ವನಿ ಕೇಳ್ತಿರ್ಬೇಕು ನಂಗೆ. ನಿಲ್ಲಿಸ್ಬೇಡ."

ಬಸ್ಸಿನ ರಶ್ಶು, ಆಫೀಸಿನ ಜಗಳ, ಬಾಯಿಗೆ ಬಂದದ್ದೆಲ್ಲ ಹೇಳುತ್ತ ಹೋದೆ. ಗಂಧೆ ಇಳಿದ ಮೇಲೂ ಅಮ್ಮ ಸಾಕು ಎನ್ನಲಿಲ್ಲ.