ರುದ್ರಣ್ಣನ ಪೆಡಲ್

ನಂಬುವವರು ನಂಬಲಿ, ಬಿಡುವವರು ಬಿಡಲಿ. ಕುಡಿದಿದ್ದೆಯಾ ಎಂದು ಮಾತ್ರ ಕೇಳಬೇಡಿ, ನನ್ನ ಹೆಂಡತಿಯೂ ಮೊದಲು ಅದನ್ನೇ ಕೇಳಿದಳು. ಅವತ್ತು ನನ್ನ ಹೊಟ್ಟೆಯಲ್ಲಿದ್ದದ್ದು ಒಂದು ಪ್ಲೇಟ್ ಮಂಡಕ್ಕಿ-ಮಿರ್ಚಿ, ಅರ್ಧ ಲೋಟ ಚಹಾ ಅಷ್ಟೇ.

ಶಿಕಾರಿಪುರದ ಆರ್ಕೆಸ್ಟ್ರಾ ಒಂದರಲ್ಲಿ ನಾನು ಡ್ರಮ್ಸ್ ಬಾರಿಸುತ್ತೇನೆ. ಹೋದ ವರ್ಷ ಸೊರಬದ ಕಡೆ, ಕುಬಟೂರಿನ ಹತ್ತಿರದ ಒಂದು ಸಮುದಾಯ ಭವನದಲ್ಲಿ ಆರತಕ್ಷತೆಯ ಕಾರ್ಯಕ್ರಮವಿತ್ತು. ಬೆಳಿಗ್ಗೆ ಹೂವಿನ ಅಲಂಕಾರದವರು ವೇದಿಕೆ ಬಿಟ್ಟುಕೊಡುವುದಿಲ್ಲ ಎಂದು ಹಿಂದಿನ ದಿನವೇ ಡ್ರಮ್ ಸೆಟ್ ಜೋಡಿಸಲು ಒಬ್ಬನೇ ಹೋದೆ. ಆಗಲೇ ಕತ್ತಲಾಗಿತ್ತು.

ಭವನ ನೋಡಿಕೊಳ್ಳುವ ಈರಪ್ಪ ಬೀಗ ಹಿಡಿದು ನಿಂತಿದ್ದ.

"ನಾಯಿ ನುಗ್ತಾವೆ ಮಾರಾಯ್ರೆ, ಹೊರಗಿಂದ ಬೀಗ ಹಾಕ್ತೀನಿ. ಊಟ ಮಾಡ್ಕಂಡು ಬಂದ್ಬಿಡ್ತೀನಿ."

"ಹಾಕ್ರಿ, ನಾನೇನು ಓಡಿ ಹೋಗ್ತೀನಾ?" ಎಂದು ನಕ್ಕೆ.

ವೇದಿಕೆ ತೀರಾ ಕಿರಿದು. ಅಂಥ ಕಡೆ ನಾನು ಗೋಡೆಗೆ ಬೆನ್ನು ಕೊಟ್ಟು ಮೊದಲು ಸ್ಟೂಲಿನ ಮೇಲೆ ಕೂತುಬಿಡುತ್ತೇನೆ, ಆಮೇಲೆ ಸುತ್ತಲೂ ಒಂದೊಂದೇ ಡ್ರಮ್ ಎಳೆದುಕೊಂಡು ಕೋಟೆ ಕಟ್ಟಿಕೊಳ್ಳುತ್ತೇನೆ. ಎದುರಿಗೆ, ಜಾರದಂತೆ ಜಮಖಾನ ಹಾಸಿ, ದೊಡ್ಡ ಬೇಸ್ ಡ್ರಮ್. ಎಡಕ್ಕೆ, ಬಲಕ್ಕೆ ಸಿಂಬಲ್ ಎನ್ನುವ ಹಿತ್ತಾಳೆ ತಟ್ಟೆಗಳ ಸ್ಟ್ಯಾಂಡುಗಳು. ಹೊರಗೆ ಬರಬೇಕೆಂದರೆ ಎದ್ದು ನಿಂತು ಸ್ಟ್ಯಾಂಡ್ ಎತ್ತಿಡಬೇಕು. ಮೊಬೈಲ್ ದೂರದಲ್ಲಿ, ಬಾಗಿಲ ಪಕ್ಕ ಚಾರ್ಜಿಗಿತ್ತು.

ಕೊನೆಗೆ ಪೆಡಲ್. ಬೇಸ್ ಡ್ರಮ್ಮಿಗೆ ಕೈಯಲ್ಲಿ ಕೋಲು ಹಿಡಿಯುವುದಿಲ್ಲ. ಬಲಗಾಲಲ್ಲಿ ಪೆಡಲ್ ತುಳಿದರೆ ಅದರ ಬೀಟರ್ ಹೋಗಿ ಡ್ರಮ್ಮಿಗೆ ಬಡಿಯುತ್ತದೆ. ಈ ಪೆಡಲ್ ನನ್ನದಲ್ಲ, ನನಗೆ ವಿದ್ಯೆ ಕಲಿಸಿದ ಈಸೂರಿನ ರುದ್ರಣ್ಣನವರದು. ಸಕ್ಕರೆ ಕಾಯಿಲೆಯಿಂದ ಅವರ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದಾಗ, ನನ್ನ ಮಡಿಲಿಗೆ ಇದನ್ನು ಹಾಕಿದ್ದರು.

"ಮಂಜಾ, ವಾದ್ಯ ಅಂದ್ರ ದೇವ್ರು. ನಾವು ಅದನ್ನ ಕಾಲಾಗೆ ತುಳಿಯೋರು. ತುಳಿಯೋಕಿಂತ ಮುಂಚೆ ಕೈಲಿ ಮುಟ್ಟಿ ಕಣ್ಣಿಗೆ ಒತ್ಕಾ. ಮತ್ತೆ... ಆವಾಗಾವಾಗ ಬಂದು ಹೋಗೋ."

ಎರಡು ವರ್ಷ ಮುಟ್ಟಿ ಕಣ್ಣಿಗೊತ್ತಿಕೊಂಡೆ. ಬಂದು ಹೋಗುವುದನ್ನು ಮಾತ್ರ ಒಮ್ಮೆಯೂ ಮಾಡಲಿಲ್ಲ. ಕಾಲಿಲ್ಲದ ರುದ್ರಣ್ಣನವರನ್ನು ನೋಡಲು ನನಗೆ ಧೈರ್ಯವಿರಲಿಲ್ಲ.

ಆ ರಾತ್ರಿ ಸೊಂಟ ನೋಯುತ್ತಿತ್ತು. ಪೆಡಲಿನ ತಿರುಪು ಬಿಗಿದು ಒಮ್ಮೆ ನೆಟ್ಟಗಾದವನಿಗೆ ಮತ್ತೆ ಬಗ್ಗಲು ಬೇಸರವಾಯಿತು. ನಾಳೆ ಒತ್ತಿಕೊಂಡರಾಯಿತು ಎಂದುಕೊಂಡು ಬರಿಗಾಲಲ್ಲೇ ತುಳಿದೆ.

ಧಬ್...

ಸದ್ದು ಚೆನ್ನಾಗಿಯೇ ಬಂತು. ಕಾಲು ಮೇಲೆ ಬರಲಿಲ್ಲ.

ಸ್ಪ್ರಿಂಗ್ ಸಿಕ್ಕಿಕೊಂಡಿತೇನೋ ಎಂದು ಎಳೆದೆ. ಎರಡೂ ಕೈಯಲ್ಲಿ ಮೊಣಕಾಲು ಹಿಡಿದು ಎಳೆದೆ. ಇಲ್ಲ... ಕರೆಂಟು ಹೋಗಿರಲಿಲ್ಲ. ಟ್ಯೂಬ್‌ಲೈಟಿನಲ್ಲಿ ನನ್ನ ಪಾದ ಸ್ಪಷ್ಟವಾಗಿ ಕಾಣುತ್ತಿತ್ತು, ಅದನ್ನು ಯಾವುದೂ ಹಿಡಿದಿರಲಿಲ್ಲ. ಮೊಣಕಾಲಿನ ಕೆಳಗೆ ನನಗೇನೂ ತಿಳಿಯುತ್ತಿರಲಿಲ್ಲ. ಎಲ್ಲಿಂದಲೋ ಗಾಯದ ಬಟ್ಟೆಯ, ಟಿಂಚರಿನ ವಾಸನೆ ಬಂತು.

ಆಮೇಲೆ ಆ ಕಾಲು ತಾನಾಗಿ ಬಾರಿಸತೊಡಗಿತು.

ಧಬ್... ಧಬ್ ಧಬ್... ಮೂರನೇ ಪೆಟ್ಟು ಒಂದು ಎಳೆ ತಡ. ಆ ತಡ ನನಗೆ ಗೊತ್ತು. ನಾನು ಎಷ್ಟು ತಿಪ್ಪರಲಾಗ ಹಾಕಿದರೂ ಬರದಿದ್ದ ರುದ್ರಣ್ಣನವರ ಪೆಟ್ಟು ಅದು!

ಎದ್ದರೆ ತಾನೇ ಸ್ಟ್ಯಾಂಡ್ ಸರಿಸುವುದು? ಬೆನ್ನಿಗೆ ಗೋಡೆ, ಸುತ್ತ ನಾನೇ ಕಟ್ಟಿದ ಕೋಟೆ, ಬಾಗಿಲಿಗೆ ಬೀಗ. ಬಾಗಿಲ ಸಂದಿಯಲ್ಲಿ ಈರಪ್ಪನ ಚಪ್ಪಲಿಯ ನೆರಳು ಬಂದು ನಿಂತಿತು. "ಈರಪ್ಪಾ, ಬಾಗಿಲು ತೆಗೀರಿ!" ಎಂದು ಅರಚಿದೆ. ಖಾಲಿ ಭವನದಲ್ಲಿ ಡ್ರಮ್ಮಿನ ಸದ್ದು ನನ್ನ ಕೂಗನ್ನು ನುಂಗಿಬಿಟ್ಟಿತು. ನೆರಳು ಪಕ್ಕಕ್ಕೆ ಸರಿಯಿತು... ಅವನು ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದನೆಂದು ಆಮೇಲೆ ತಿಳಿಯಿತು.

ತೊಡೆ ಸೆಳೆಯುತ್ತಿತ್ತು. ಈ ಕಾಲು ಇನ್ನು ನನಗೆ ಸಿಗುವುದಿಲ್ಲ ಎಂದು ಅಳು ಬಂತು. ಆಗ ನೆನಪಾಯಿತು. ಡ್ರಮ್ಮಿನ ಅಂಚಿಗೆ ಹಣೆ ತಾಗಿಸಿಕೊಂಡು, ಸೊಂಟ ಮುರಿದರೆ ಮುರಿಯಲಿ ಎಂದು ಬಗ್ಗಿ ಪೆಡಲ್ ಮುಟ್ಟಿದೆ. ಕಬ್ಬಿಣ ಬೆಚ್ಚಗಿತ್ತು. ಕೈಯನ್ನು ಕಣ್ಣಿಗೊತ್ತಿಕೊಂಡು, "ತಪ್ಪಾಯ್ತು ರುದ್ರಣ್ಣಾ, ಬರ್ತೀನಿ, ನಾಡಿದ್ದೇ ಬರ್ತೀನಿ" ಎಂದೆ.

ಕಾಲು ಮೇಲೆ ಬಂತು.

ಈರಪ್ಪ ಬೀಗ ತೆಗೆದ. "ಭಾಳ ಚೆನ್ನಾಗಿ ಬಾರಿಸ್ತೀರಿ ಮಾರಾಯ್ರೆ! ಒಂದು ತಾಸಾತು, ನಿಲ್ಲಿಸ್ಲಿ ಅಂತ ಇಲ್ಲೇ ಕುಂತಿದ್ದೆ."

ನನಗೆ ಐದು ನಿಮಿಷದಂತಿತ್ತು.

ಕಾರ್ಯಕ್ರಮ ಮುಗಿದ ಮರುದಿನ ಪೆಡಲನ್ನು ಚೀಲದಲ್ಲಿಟ್ಟುಕೊಂಡು ಈಸೂರಿಗೆ ಹೋದೆ. ರುದ್ರಣ್ಣ ಜಗಲಿಯಲ್ಲಿ ಮಂಚದ ಮೇಲೆ ಕೂತಿದ್ದರು. ನಾನು ಬಾಯಿ ತೆರೆಯುವ ಮೊದಲೇ ತಮ್ಮ ಮೊಂಡುಗಾಲನ್ನು ಸವರಿಕೊಂಡರು.

"ಮೊನ್ನೆ ರಾತ್ರಿ ಉಣ್ಣೋ ಹೊತ್ನಾಗೆ ಕಾಲು ಬಂದಿತ್ತು ಕಣೋ. ಇಲ್ಲದ ಕಾಲು! ಒಂದು ತಾಸು ನೆಲ ತುಳೀತು. ಏನ್ ಖುಷಿ ಅಂತೀಯ... ಆಮ್ಯಾಗೆ ಯಾರೋ ಮುಟ್ಟಿ ಬಿಡಿಸ್ಕಂಡ್ರು."

ನಾನು ಚೀಲ ಬಿಚ್ಚಿದೆ. ಪೆಡಲನ್ನು ಅವರ ಮುಂದಿಟ್ಟೆ. ಅವರು ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ನನ್ನ ಕಡೆಗೇ ತಳ್ಳಿದರು.

"ಇಲ್ಲಿಟ್ರೆ ತುಳಿಯೋರು ಯಾರು? ನಿನ್ ಹತ್ರಾನೆ ಇರ್ಲಿ."

ಈಗ ವಾರಕ್ಕೊಮ್ಮೆ ಈಸೂರಿಗೆ ಹೋಗಿ ಬರುತ್ತೇನೆ. ಪೆಡಲನ್ನು ಒಂದಲ್ಲ, ಎರಡು ಸಲ ಕಣ್ಣಿಗೊತ್ತಿಕೊಳ್ಳುತ್ತೇನೆ. ಆದರೂ ಕೆಲವು ಸಲ ಹಾಡು ಮುಗಿದ ಮೇಲೆ ನನ್ನ ಬಲಗಾಲು ಇನ್ನೊಂದು ಪೆಟ್ಟು ಹಾಕುತ್ತದೆ, ಒಂದು ಎಳೆ ತಡವಾಗಿ. ಬೇರೆ ಪೆಡಲ್ ಕೊಂಡುಕೊಳ್ಳಿ ಎನ್ನುತ್ತಾಳೆ ಹೆಂಡತಿ. ಕೊಳ್ಳಬಹುದು. ಆದರೆ ಆಮೇಲೆ ರುದ್ರಣ್ಣನ ಕಾಲು ಎಲ್ಲಿಗೆ ಹೋಗಬೇಕು...?