ಎಡಕ್ಕೆ ವಾಲುವ ಹಾಯಿ

ಅಕೈತಿ ಹೆಣೆದ ಚಾಪೆಯ ಮೇಲೆ ಮಲಗಿದವರು ಬೆಳಿಗ್ಗೆ ಏಳುವಾಗ ಎಡಗಡೆಗೆ ಜಾರಿರುತ್ತಾರೆ ಎಂಬುದು ರಾರೋಟೊಂಗಾ ದ್ವೀಪದ ಹಳೆಯ ಚೇಷ್ಟೆ. ಅದರಲ್ಲಿ ಅರ್ಧ ಸುಳ್ಳು. ಉಳಿದರ್ಧ ನಿಜವೇ, ಅವಳ ಕೈಯಲ್ಲಿ ಎಡ ಅಂಚು ಯಾವಾಗಲೂ ಒಂದು ಎಳೆ ಸಡಿಲ. ಆದರೂ ಅಷ್ಟು ದೊಡ್ಡ, ಅಷ್ಟು ಗಟ್ಟಿ ಚಾಪೆ ಹೆಣೆಯುವ ಇನ್ನೊಂದು ಕೈ ದ್ವೀಪದಲ್ಲಿ ಇರಲಿಲ್ಲ. ಹಾಗಾಗಿ ಪಾದ್ರಿ ಹಡಗು ಕಟ್ಟಲು ಹೊರಟಾಗ ಹಾಯಿಯ ಮಾತು ನೇರವಾಗಿ ಅವಳ ಬಾಗಿಲಿಗೇ ಬಂತು.

ಪಾದ್ರಿ ಮನುಷ್ಯ ಒಳ್ಳೆಯವನು, ಹಟ ಮಾತ್ರ ಏಡಿಯದು. ಸುತ್ತಲ ದ್ವೀಪಗಳಿಗೆಲ್ಲ ತನ್ನ ದೇವರ ಪುಸ್ತಕ ಮುಟ್ಟಿಸಬೇಕು, ಅದಕ್ಕೊಂದು ಹಡಗು ಬೇಕು, ಹಡಗು ಕೊಡುವವರು ಯಾರೂ ಇಲ್ಲ, ಸರಿ, ನಾವೇ ಕಟ್ಟೋಣ ಎಂದು ಕೂತ. ಕೈಯಲ್ಲಿದ್ದದ್ದು ಎರಡು ಕೊಡಲಿ, ಒಂದು ಗರಗಸ. ಮೊಳೆಯ ಬದಲು ಮರದ ಗೂಟ, ಹಲಗೆಯ ಸಂದಿಗೆ ತೆಂಗಿನ ನಾರು, ನಾರಿನ ಮೇಲೆ ಜೀಗುಜ್ಜೆ ಮರದ ಅಂಟು. ಅಯ್ಯನೋರು ಕೆಸುವಿನ ಗೆಡ್ಡೆ ಕುಟ್ಟಲು ದೊಡ್ಡ ಮರದ ಮರಿಗೆ ಮಾಡುತ್ತಿದ್ದಾರೆ ಎಂದು ಗಂಡಸರು ನಕ್ಕರು, ನಗುತ್ತಲೇ ಮರ ಹೊತ್ತರು. ನಾಲ್ಕು ತಿಂಗಳಲ್ಲಿ ಹಡಗು ದಡದಲ್ಲಿ ನಿಂತೇಬಿಟ್ಟಿತು. ಮನುತೇರೆ ಎಂದು ಹೆಸರಿಟ್ಟರು, ತೇಲುವ ಹಕ್ಕಿ. ರೆಕ್ಕೆಯೊಂದೇ ಬಾಕಿ.

"ಮೊದಲು ಎಲ್ಲಿಗೆ ಹೋಗ್ತೀರಿ ಅಯ್ಯನೋರೆ?" ಎಂದು ಅಕೈತಿ ಸುಮ್ಮನೆ ಮಾತಿಗೆ ಕೇಳಿದಳು.

"ಐಟುಟಾಕಿಗೆ."

ಕೇದಗೆ ಗರಿ ಸೀಳುತ್ತಿದ್ದ ಅವಳ ಕೈ ಅಲ್ಲೇ ನಿಂತಿತು.

ಅದು ಅವಳ ತವರು ದ್ವೀಪ. ಹದಿನೇಳು ವರ್ಷದವಳಿದ್ದಾಗ ತನಗಿಂತ ಬಹಳ ದೊಡ್ಡವಳಾದ ಅಕ್ಕ ತೆರಾಂಗಿಯ ಜೊತೆ ಕೂತು ಒಂದು ಚಾಪೆ ಹೆಣೆಯುತ್ತಿದ್ದಳು. ಅವರಲ್ಲಿ ಅಕ್ಕತಂಗಿಯರು ಒಂದೇ ಚಾಪೆಯ ಎರಡು ಅಂಚು ಹಿಡಿದು ಹೆಣೆಯುತ್ತ ಬಂದು ನಡುವೆ ಸೇರುವುದು ರೂಢಿ. ಎಡ ಅಂಚು ಸಡಿಲ, ಬಿಚ್ಚಿ ಮತ್ತೆ ಹೆಣಿ ಎಂದು ಅಕ್ಕ ಗದರಿದಳು. ಸಾಯಂಕಾಲ ಬಂದು ಮಾಡ್ತೀನಿ ಎಂದು ಇವಳು ಅಪ್ಪನ ಜೊತೆ ಮೀನಿಗೆ ದೋಣಿ ಹತ್ತಿದಳು. ಗಾಳಿ ತಿರುಗಿತು. ಐದನೆಯ ದಿನ ಅಪ್ಪ ಮಗಳು ಬಾಯಾರಿ ಬಂದು ಬಿದ್ದದ್ದು ರಾರೋಟೊಂಗಾದ ಮರಳಿನ ಮೇಲೆ. ಅಪ್ಪ ಅದೇ ವರ್ಷ ತೀರಿಕೊಂಡ. ಅವಳು ಪುನಾ ಎಂಬ ನಗೆಗಾರನನ್ನು ಮದುವೆಯಾದಳು, ಮಕ್ಕಳು ಮೊಮ್ಮಕ್ಕಳಾದರು. ಇಪ್ಪತ್ತೆಂಟು ವರ್ಷ ಕಳೆಯಿತು. ಅಕ್ಕ ಇದ್ದಾಳೋ ಇಲ್ಲವೋ ಗೊತ್ತಿಲ್ಲ. ದಿಕ್ಕು ತಪ್ಪಿ ಬಂದ ದೋಣಿಯವರನ್ನೆಲ್ಲ ಕೇಳಿ ಕೇಳಿ, ಉತ್ತರಕ್ಕೆ ಹೆದರಿ, ಕೊನೆಗೆ ಕೇಳುವುದನ್ನೇ ಬಿಟ್ಟಿದ್ದಳು.

"ನನ್ನನ್ನೂ ಕರ್ಕೊಂಡು ಹೋಗಿ," ಎಂದಳು.

ಹಡಗಿನಲ್ಲಿ ಹೆಂಗಸರಿಗೆ ಜಾಗವಿಲ್ಲ ಎಂದ ಪಾದ್ರಿ. ಅವಳು ವಾದಿಸಲಿಲ್ಲ. ಊರ ಹೆಂಗಸರನ್ನು ಸೇರಿಸಿಕೊಂಡು ಎರಡು ಪದರದ ಚಾಪೆ ಹೆಣೆದು, ಗಾಳಿಗೆ ಹರಿಯದಂತೆ ಕೌದಿಯ ಹಾಗೆ ಅಡ್ಡಡ್ಡ ಹೊಲಿದು, ಹಾಯಿ ಮಾಡಿಕೊಟ್ಟಳು. ಮನಸ್ಸಿನಲ್ಲಿ ಏನಿತ್ತೋ, ಮುಖದ ಮೇಲೆ ಏನೂ ಇರಲಿಲ್ಲ. ಇಂಥ ಹೆಂಗಸರು ಸುಮ್ಮನಾದಾಗ ಹುಷಾರಾಗಿರಬೇಕು. ಪಾದ್ರಿಗೆ ಅದು ಗೊತ್ತಿರಲಿಲ್ಲ, ಪಾಪ.

ಪರೀಕ್ಷೆಗೆಂದು ಹೊರಟ ಮನುತೇರೆ ಹವಳದ ದಂಡೆ ದಾಟಿದ ಮೊದಲ ದಿನವೇ ಎಡಕ್ಕೆ ಎಳೆಯಿತು. ಚುಕ್ಕಾಣಿ ಬಲಕ್ಕೆ ಒತ್ತಿ ಒತ್ತಿ ಪಾದ್ರಿಯ ತೋಳು ಬಿದ್ದುಹೋಯಿತು. ದಡಕ್ಕೆ ಮರಳಿ ಬಂದು ಹಾಯಿ ಸರಿಯಿಲ್ಲ ಎಂದು ಅವನು ದೂರಿದರೆ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಅಕೈತಿ ನೆಲ ನೋಡಿಕೊಂಡು ಹೇಳಿದಳು. ಎರಡನೆಯ ದಿನ ದೊಡ್ಡ ಹಾಯಿ ಒಂದು ಮೊಳ ಬಿಚ್ಚಿಕೊಂಡಿತು. ಪಾದ್ರಿ ತಾನೇ ಸೂಜಿ ಹಿಡಿದು ಹಗ್ಗದ ದಾರದಲ್ಲಿ ಬಿಗಿದ. ಬಿಗಿದಷ್ಟೂ ಗರಿ ಸೀಳಿ, ಮೊಳ ಮಾರಾಯಿತು.

ಅವನು ಹೆಂಗಸರನ್ನು ಒಬ್ಬೊಬ್ಬರನ್ನಾಗಿ ಕೇಳುತ್ತ ಹೋದ. ಹಾಯಿಗೆ ಹಾಕಿದ ಈ ಗಂಟು ಯಾರಿಗೆ ಬರುತ್ತದೆ? ಗಂಡಸರಿಗೆ ಕಲಿಸಿಕೊಡುತ್ತೀರಾ? ಎಲ್ಲರ ಬಾಯಿಗೂ ಬೀಗ. ಅರ್ಧ ಹಾಯಿ ತನ್ನ ಕೈಯಾರೆ ಹೊಲಿದ ಪಕ್ಕದ ಮನೆಯಾಕೆ, ಕೇದಗೆ ಗರಿ ಎಂದರೆ ಹೇಗಿರುತ್ತದೆ ಎಂದು ಅವನನ್ನೇ ತಿರುಗಿ ಕೇಳಿದಳು. ಅದೆಲ್ಲ ಐಟುಟಾಕಿಯ ಗಂಟು, ಅಕೈತಿಗೊಬ್ಬಳಿಗೇ ಗೊತ್ತು ಎಂದು ಹೋದ ಹೋದ ಮನೆಯಲ್ಲೂ ಒಂದೇ ಮಾತು. ಸತ್ಯದ ಮೇಲೆ ಒಂದು ತಿಂಗಳು ಪ್ರವಚನ ಕೇಳಿದ ಹೆಂಗಸರು ಇವರು.

ಕೊನೆಗೆ ಪುನಾನೇ ಪಾದ್ರಿಯ ಹತ್ತಿರ ಹೋದ. "ಅವಳನ್ನ ಬಿಟ್ಟು ಹೋಗಿ ಅಯ್ಯನೋರೆ, ಪರವಾಗಿಲ್ಲ. ಹಡಗು ಎಡಕ್ಕೆ ತಿರುಗ್ತಾ ತಿರುಗ್ತಾ ಮತ್ತೆ ಇಲ್ಲಿಗೇ ಬರುತ್ತೆ. ನಮ್ಗೂ ನಿಮ್ಮ ಪುಸ್ತಕ ಇನ್ನೊಂದ್ಸಲ ಕೇಳ್ದಂಗಾಗುತ್ತೆ."

ಪಾದ್ರಿ ದಡ್ಡನಲ್ಲ. ಊರಿಗೆ ಊರೇ ಒಂದಾಗಿದೆ ಎಂದು ತಿಳಿಯಿತು. ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡು, ಹಡಗಿನ ಹಿಂಭಾಗದಲ್ಲಿ ಅವಳಿಗೊಂದು ಮೂಲೆ ಖಾಲಿ ಮಾಡಿಸಿದ.

ಹೊರಡುವ ದಿನ ಪುನಾ ಗರಿಯ ಹೊರೆ ಹೊತ್ತು ತಂದು ಹಡಗಿಗೆ ಹಾಕಿದ. ಆಗ ಮಾತ್ರ ಅವನಿಗೆ ನಗೆ ಬರಲಿಲ್ಲ.

"ವಾಪಸ್ ಬರ್ತೀಯಾ ತಾನೇ?"

"ಎಡಕ್ಕೆ ವಾಲೋ ಹಡಗು, ಸುತ್ತಿ ಇಲ್ಲಿಗೇ ಬರುತ್ತೆ ಅಂತ ನೀನೇ ಅಂದ್ಯಲ್ಲ," ಎಂದು ಅವನ ಭುಜ ತಟ್ಟಿ ಹತ್ತಿದಳು.

ಗಾಳಿ ಚೆನ್ನಾಗಿತ್ತು. ಪಾದ್ರಿ ಒಂದು ಪೆಟ್ಟಿಗೆ ಪುಸ್ತಕ ತಂದಿದ್ದ, ಅಕೈತಿ ಒಂದು ಹೊರೆ ಗರಿ. ಮೊದಲು ಬಿಚ್ಚಿದ್ದು ಹೊರೆಯನ್ನೇ. ಮರುದಿನ ಮಧ್ಯಾಹ್ನ ಹಾಯಿ ಮತ್ತೆ ಬಾಯಿಬಿಟ್ಟಿತು. ಅವಳು ಅದನ್ನು ಇಳಿಸಿ, ತೊಡೆಯ ಮೇಲೆ ಹರಡಿಕೊಂಡು, ಕಡಲು ಎತ್ತಿ ಎತ್ತಿ ಹಾಕುತ್ತಿದ್ದರೂ ಗಂಟಿನ ಮೇಲೆ ಗಂಟು ಹಾಕಿ ಎತ್ತಿಕೊಟ್ಟಳು. ಪಾದ್ರಿ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ನೋಡಿದ. ಇಷ್ಟು ಸುಲಭವೇ ಎಂದ. ನೋಡುವವರಿಗೆ ಎಲ್ಲವೂ ಸುಲಭ ಎಂದಳು ಅವಳು.

ಮೂರನೆಯ ದಿನ ಬೆಳಿಗ್ಗೆ ಐಟುಟಾಕಿ ಕಾಣಿಸಿತು. ಆಗ ಅವಳಿಗೆ ನಿಜವಾಗಿ ಭಯವಾಯಿತು. ಇಲ್ಲಿಯತನಕ ಅಕ್ಕ ಇದ್ದರೂ ಇರಬಹುದಿತ್ತು. ದಡ ಮುಟ್ಟಿದ ಮೇಲೆ ಹಾಗೆ ಅಂದುಕೊಳ್ಳಲು ಬರುವುದಿಲ್ಲ. ಒಂದು ಗಳಿಗೆ, ಈ ಹಡಗು ಎಡಕ್ಕೆ ತಿರುಗಿ ಹಿಂದಕ್ಕೆ ಹೋದರೇ ಒಳ್ಳೆಯದೇನೋ ಅನ್ನಿಸಿತು.

ದಡದ ತುಂಬ ಜನ. ಅವಳು ದೋಣಿಯಿಂದ ಮೊಣಕಾಲು ನೀರಿಗೆ ಇಳಿದು ಒಂದೊಂದೇ ಮುಖ ನೋಡಿದಳು. ಒಂದೂ ಗುರುತಿನದಲ್ಲ. ಎಲ್ಲರೂ ಪಾದ್ರಿಯ ಕೆಂಪು ಗಡ್ಡ ನೋಡುತ್ತಿದ್ದರು. ಒಬ್ಬ ಮುದುಕಿ ಮಾತ್ರ ಕೋಲೂರಿಕೊಂಡು ನೀರಿಗೇ ಇಳಿದು, ಯಾರ ಮುಖವನ್ನೂ ನೋಡದೆ, ಹಣೆಗೆ ಕೈ ಅಡ್ಡ ಹಿಡಿದು ದೂರದಲ್ಲಿ ನಿಂತ ಹಡಗಿನ ಹಾಯಿಯನ್ನೇ ನೋಡುತ್ತಿದ್ದಳು. ಬಹಳ ಹೊತ್ತು ನೋಡಿದಳು. ಆಮೇಲೆ ತಲೆ ತಿರುಗಿಸದೆಯೇ, ಪಕ್ಕಕ್ಕೆ ಬಂದು ನಿಂತ ಅಕೈತಿಗೆ ಹೇಳಿದಳು:

"ಎಡ ಅಂಚು ಸಡಿಲ. ಬಿಚ್ಚಿ ಮತ್ತೆ ಹೆಣಿ ಅಂದಿದ್ನಲ್ಲೇ ನಿಂಗೆ."

ಅಕೈತಿಗೆ ಅಳು ಬಂತು, ಅದರ ಬೆನ್ನಿಗೇ ನಗು ಬಂತು. ಎರಡನ್ನೂ ನುಂಗಿಕೊಂಡು ಅಕ್ಕನ ಕೋಲು ಹಿಡಿದ ಕೈಯ ಮೇಲೆ ಕೈ ಇಟ್ಟಳು.

"ಸಾಯಂಕಾಲ ಬಂದು ಮಾಡ್ತೀನಿ ಅಂದಿದ್ದೆ ಅಕ್ಕಾ," ಎಂದಳು. "ಇನ್ನೂ ಹೊತ್ತು ಮುಳುಗಿಲ್ಲ ನೋಡು."